ಸ್ಪೀಕರ್ ರಕ್ಷಣೆ

“ಈ ಮೂರರಲ್ಲಿ ಯಾವುದಕ್ಕಪ್ಪಾ ಮಾನ ಮರ್ಯಾದೆ ಅನ್ನೋದಿದೆ?”

ಅಣ್ಣ ಕೇಳಿದ್ದು ನನ್ನನ್ನಲ್ಲ. ಗೋದಾಮಿನಲ್ಲಿ ಆಗ ನಾನೊಬ್ಬಳೇ ಇದ್ದದ್ದು ನಿಜ, ಆದರೆ ಅವನ ಬೆನ್ನ ಹಿಂದೆ ನೆಲದ ಮೇಲೆ ಕೂತು ಕೇಬಲ್ ಸುತ್ತುತ್ತಿದ್ದೆ. ಅವನ ಕಣ್ಣು ಲ್ಯಾಪ್‌ಟಾಪಿನ ಪರದೆಯಲ್ಲಿ ನೆಟ್ಟಿತ್ತು. ಪ್ರಶ್ನೆ ಗೋಡೆಗೊರಗಿಸಿಟ್ಟ ಸ್ಪೀಕರುಗಳನ್ನು ದಾಟಿ, ತಗಡಿನ ಬಾಗಿಲಿಗೆ ತಾಗಿ ವಾಪಸು ಬಂತು.

ನಮ್ಮದು ಸೌಂಡಿನ ಕಸುಬು. ನಾಟಕ, ಸಂಗೀತ, ಭಾಷಣ, ಪದ್ಯವಾಚನ, ಏನಿದ್ದರೂ ಮೈಕು, ಸ್ಪೀಕರು, ಡಿಜಿಟಲ್ ಮಿಕ್ಸರು ವ್ಯಾನಿಗೆ ತುಂಬಿಕೊಂಡು ಹೋಗುತ್ತೇವೆ. ಮಿಕ್ಸರಿನ ಮುಂದೆ ಅಣ್ಣ ಕೂರುತ್ತಾನೆ. ಕಸುಬಿನವರೆಲ್ಲ ಅವನನ್ನು ಕರೆಯುವುದು ಕಿವಿಯಣ್ಣ ಅಂತ. ಇಪ್ಪತ್ತು ಮೈಕು ಒಟ್ಟಿಗೆ ತೆರೆದಿದ್ದರೂ ಯಾವುದರ ಜಾಲರಿ ಸಡಿಲವಾಗಿದೆ ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದವನು. ತಂತಿ ಎಳೆಯುವುದು, ಲ್ಯಾಪ್‌ಟಾಪ್ ನೋಡಿಕೊಳ್ಳುವುದು ನನ್ನ ಪಾಲು. ಹಾಗಾಗಿ ನಾನು ಕೇಬಲ್ಲಕ್ಕ. “ಮಿಕ್ಸರ್ ನಂದು, ಲ್ಯಾಪ್‌ಟಾಪ್ ನಿಂದು. ನಿನ್ನ ಅಡುಗೆಮನೆಗೆ ನಾನು ಕಾಲಿಡಲ್ಲ, ನನ್ನ ಅಡುಗೆಮನೆಗೆ ನೀನು ಕೈ ಹಾಕ್ಬೇಡ” ಅಂತ ಮೊದಲ ದಿನವೇ ಗೆರೆ ಎಳೆದಿದ್ದ. ಹದಿನಾರು ವರ್ಷ ಅವನು ಆ ಗೆರೆ ದಾಟಿರಲಿಲ್ಲ.

ಈಗ ಅವನು ಲ್ಯಾಪ್‌ಟಾಪಿನ ಮುಂದೆ ಕೂತಿದ್ದಕ್ಕೆ ಕಾರಣ ಹನ್ನೊಂದು ಸೆಕೆಂಡು.

ಮಿಕ್ಸರಿಗೆ ಬಂದ ಧ್ವನಿ ಒಂದು ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಹೋಗುತ್ತದೆ. ಅಲ್ಲಿ ಪ್ಲಗಿನ್ ಅನ್ನುವ ಪುಟ್ಟ ಪುಟ್ಟ ಸಾಫ್ಟ್‌ವೇರುಗಳ ಕೈಯಿಂದ ಕೈಗೆ ದಾಟುತ್ತದೆ. ಒಂದು ಗುಂಯ್ ಅನ್ನುವುದನ್ನು ತೆಗೆಯುತ್ತದೆ, ಒಂದು ಏರಿಳಿತ ಸಮ ಮಾಡುತ್ತದೆ, ಒಂದು ಸಕಾರ ಶಕಾರಗಳ ಚೂಪನ್ನು ಮೊಂಡು ಮಾಡುತ್ತದೆ. ಕೇಳುವವರಿಗೆ ತಡವಾಯಿತು ಅನ್ನಿಸುವುದಕ್ಕೂ ಮೊದಲೇ ಅದು ಮಿಕ್ಸರಿಗೆ ವಾಪಸಾಗಿ ಸ್ಪೀಕರಿಗೆ ಹೋಗಿರುತ್ತದೆ. ಈ ಪ್ಲಗಿನ್ನುಗಳನ್ನೆಲ್ಲ ಸಾಲಾಗಿ ಕೂರಿಸಿ, ಕೆಲಸ ಹಂಚಿ, ಮಿಕ್ಸರಿನ ಜೊತೆ ಹೊಂದಿಸಿಕೊಂಡು ಹೋಗುವ ಸಾಫ್ಟ್‌ವೇರಿಗೆ ಹೋಸ್ಟ್ ಅನ್ನುತ್ತಾರೆ. ತುಂಬಿದ ಮನೆಯ ಹಿರಿಸೊಸೆ ಇದ್ದ ಹಾಗೆ. ಅವಳು ಮಲಗಿದರೆ ಮನೆಯೆಲ್ಲ ಮಲಗಿದಂತೆ.

ಹೋದ ತಿಂಗಳು ನಮ್ಮ ಹಳೇ ಹೋಸ್ಟ್ ಮಲಗಿಬಿಟ್ಟಿತು. ವೇದಿಕೆಯ ಮೇಲೆ ಟೀಚರಮ್ಮ ಪದ್ಯದ ನಡುಸಾಲಿನಲ್ಲಿದ್ದರು. ನಮ್ಮಮ್ಮ ಬದುಕಿದ್ದಾಗ ಅವಳ ಹತ್ತಿರ ಪದ್ಯ ಓದುವುದನ್ನು ಕಲಿತವರು, ಈಗ ಎಪ್ಪತ್ತೆರಡು ವಯಸ್ಸು. ಧ್ವನಿ ಹೋದದ್ದು ಗೊತ್ತಾದರೂ ಅವರು ನಿಲ್ಲಿಸಲಿಲ್ಲ. ಹಿಂದಿನ ಸಾಲಿನವರಿಗೆ ತುಟಿ ಅಲ್ಲಾಡುವುದು ಮಾತ್ರ ಕಂಡಿತು. ಹನ್ನೊಂದು ಸೆಕೆಂಡಾದ ಮೇಲೆ ಧ್ವನಿ ಮರಳಿತು. ಅಣ್ಣ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. “ಪದ್ಯಕ್ಕೆ ತೂತು ಬಿತ್ತಲ್ಲೇ ಪುಟ್ಟಿ” ಅಂದ.

ಬರುವ ಭಾನುವಾರ ಮಧ್ಯಾಹ್ನ ಅದೇ ಸಭಾಂಗಣದಲ್ಲಿ ಟೀಚರಮ್ಮ ಮತ್ತೆ ಓದುವವರಿದ್ದರು, ಈ ಸಲ ಅಮ್ಮನಿಗೆ ಪ್ರಾಣವಾಗಿದ್ದ ಕಾವ್ಯವನ್ನೇ. ಹಳೇ ಹೋಸ್ಟ್ ಮಾಡಿದವರು ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಹೊಸ ಲ್ಯಾಪ್‌ಟಾಪ್ ತಂದಾಗಿತ್ತು. ಹೋಸ್ಟನ್ನು ಮಾತ್ರ ತಾನೇ ಆರಿಸುತ್ತೇನೆ ಅಂತ ಅಣ್ಣ ಹಟ ಹಿಡಿದ. ಮೂರನ್ನು ಪರೀಕ್ಷೆಗೆ ಇಳಿಸಿಕೊಂಡೆವು. ಅವುಗಳ ಇಂಗ್ಲಿಷ್ ಹೆಸರು ಅವನ ಬಾಯಲ್ಲಿ ನಿಲ್ಲಲಿಲ್ಲ, ತಾನೇ ಹೆಸರಿಟ್ಟ. ಮೊದಲನೆಯದು ಅವಸರಗಾರ: ಎಲ್ಲಕ್ಕಿಂತ ಬೇಗ ಧ್ವನಿಯನ್ನು ವಾಪಸು ಕಳಿಸುತ್ತದೆ, ಆದರೆ ಒಂದು ಪ್ಲಗಿನ್ ಎಡವಿದರೆ ಎಲ್ಲವನ್ನೂ ಎಳೆದುಕೊಂಡು ಬೀಳುತ್ತದೆ. ಎರಡನೆಯದು ಶೋಕಿಲಾಲ: ಬಣ್ಣ ಬಣ್ಣದ ಪರದೆ, ಮಾತು ಜಾಸ್ತಿ, ಕೆಲಸ ಅಷ್ಟಕ್ಕಷ್ಟೆ. ಮೂರನೆಯದು ಗಟ್ಟಿಗಿತ್ತಿ: ಪ್ರತಿ ಪ್ಲಗಿನ್ನಿಗೂ ಬೇರೆ ಬೇರೆ ಕೋಣೆ ಕೊಟ್ಟು ಕೂರಿಸುತ್ತದೆ, ಒಂದು ಸತ್ತರೂ ಉಳಿದವು ತಮ್ಮ ಪಾಡಿಗೆ ದುಡಿಯುತ್ತವೆ.

ಅತ್ತಿಗೆ ಚಹಾ ತಂದಿಟ್ಟು ಪರದೆಯತ್ತ ಬಗ್ಗಿ ನೋಡಿದರು. “ನಿಮ್ಮಣ್ಣ ಸಾಫ್ಟ್‌ವೇರ್ ಹುಡುಕ್ತಿದಾರೋ ಅಳಿಯನ್ನ ಹುಡುಕ್ತಿದಾರೋ? ನಮ್ಮ ಮಗಳ ಮದುವೆಗೂ ಇಷ್ಟು ವಿಚಾರಿಸಿರ್ಲಿಲ್ಲಪ್ಪ.”

“ಅಳಿಯ ಹನ್ನೊಂದು ಸೆಕೆಂಡು ಸುಮ್ನಿದ್ರೆ ಒಳ್ಳೇದೇ ಕಣೇ. ಇದು ಹಾಗಲ್ಲ” ಅಂದ ಅಣ್ಣ.

ಅವನಿಗೊಂದು ಪರೀಕ್ಷೆಯಾದರೆ ನನಗೊಂದು ಪರೀಕ್ಷೆ. ನನ್ನದನ್ನು ಬಾಯಿ ಬಿಟ್ಟು ಹೇಳುವಂತಿರಲಿಲ್ಲ.

ಒಂದೂವರೆ ವರ್ಷದ ಹಿಂದೆ ಸಭಾಂಗಣದ ಮ್ಯಾನೇಜರು ನನ್ನನ್ನು ಮೆಟ್ಟಿಲ ಹತ್ತಿರ ಪಕ್ಕಕ್ಕೆ ಕರೆದಿದ್ದರು. “ಕೇಬಲ್ಲಕ್ಕ, ತಪ್ಪು ತಿಳ್ಕೋಬೇಡಿ. ಮುಂದಿನ ಸಾಲಲ್ಲಿ ಜನ ಕಿವಿ ಮುಚ್ಕೋತಿದಾರೆ. ಸ ಅಂದ್ರೆ ಸಾಕು, ಸೂಜಿ ಚುಚ್ಚಿದ ಹಾಗಾಗುತ್ತೆ. ಕಿವಿಯಣ್ಣಂಗೆ ಏನಾಗಿದೆ?”

ನನಗೆ ಗೊತ್ತಿತ್ತು. ಸಕಾರ, ಶಕಾರ, ಬೀಗದ ಕೈ ಗೊಂಚಲಿನ ಕಿಣಿಕಿಣಿ, ಹಾಳೆ ಮಗುಚುವ ಸಪ್ಪಳ, ಇಂಥ ಸಣ್ಣ ಚೂಪು ಶಬ್ದಗಳು ಒಂದೊಂದಾಗಿ ಅವನ ಕಿವಿಯಿಂದ ಜಾರುತ್ತಿದ್ದವು. ತನಗೆ ಕೇಳಿಸದ್ದನ್ನು ಅವನು ಮಿಕ್ಸರಿನಲ್ಲಿ ಏರಿಸುತ್ತಿದ್ದ. ಏರಿಸಿದ್ದು ಉಳಿದವರ ಕಿವಿ ಕೊಯ್ಯುತ್ತಿತ್ತು. ಹೇಳಬೇಕಿತ್ತು. ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ‘ಚಹಾ ಬೇಕಾ ಅಣ್ಣ’ ಅಂತ ಕೇಳಿ ಮುಚ್ಚಿದೆ.

ಹೇಳುವ ಬದಲು, ಮಿಕ್ಸರಿನಿಂದ ಸ್ಪೀಕರಿಗೆ ಹೋಗುವ ದಾರಿಯ ಕಟ್ಟಕಡೆಯಲ್ಲಿ ಒಂದು ಪ್ಲಗಿನ್ ಕೂರಿಸಿದೆ. ಅಣ್ಣ ಎಷ್ಟು ಚೂಪು ಮಾಡುತ್ತಾನೋ ಅಷ್ಟನ್ನೂ ಅದು ಉಜ್ಜಿ ತೆಗೆಯಬೇಕು. ಅಪ್ಪಿತಪ್ಪಿ ಅವನ ಕಣ್ಣಿಗೆ ಬಿದ್ದರೂ ಅನುಮಾನ ಬಾರದಿರಲಿ ಅಂತ ‘ಸ್ಪೀಕರ್ ರಕ್ಷಣೆ’ ಎಂದು ಹೆಸರಿಟ್ಟೆ. ಮೊದಲ ದಿನವೇ ಪಜೀತಿಯಾಯಿತು. ನಾನು ಇಳಿಸಿದ್ದರಿಂದ ಅವನಿಗೆ ಇನ್ನೂ ಕಡಿಮೆ ಕೇಳಿಸಿ, ಅವನು ಇನ್ನಷ್ಟು ಏರಿಸಿದ. ನಾನು ಮತ್ತೂ ಇಳಿಸಿದೆ. ಹಗ್ಗಜಗ್ಗಾಟ. ಮುಂದಿನ ಕಾರ್ಯಕ್ರಮಕ್ಕೆ ಅವನ ಕುರ್ಚಿಯ ಎಡಕ್ಕೊಂದು ಬಲಕ್ಕೊಂದು ಪುಟ್ಟ ಸ್ಪೀಕರ್ ಇಟ್ಟೆ. “ಹಿಂದಿನ ಮೂಲೇಲಿ ಕೂತ್ರೆ ಸ್ಪಷ್ಟ ಕೇಳಲ್ಲ ಅಣ್ಣ, ನೀನು ಇದರಲ್ಲಿ ಕೇಳು.” ಅವಕ್ಕೆ ಹೋಗುತ್ತಿದ್ದದ್ದು ರಕ್ಷಣೆಗಿಂತ ಮುಂಚಿನ ಧ್ವನಿ, ಅವನು ಮಾಡಿದ್ದು ಮಾಡಿದ ಹಾಗೆ. ವೇದಿಕೆಯ ಶಬ್ದ ಹಿಂಬದಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟೇ ತಡ ಮಾಡಿ ಬಿಡುತ್ತಿದ್ದೆ, ಎರಡೂ ಒಂದೇ ಅನ್ನಿಸಲಿ ಅಂತ.

ಸಭೆಗೊಂದು ಧ್ವನಿ, ಅಣ್ಣನಿಗೊಂದು ಧ್ವನಿ. ಕಾರ್ಯಕ್ರಮ ಮುಗಿದು ಜನ ಬಂದು “ಎಷ್ಟು ಹಿತವಾಗಿತ್ತು ಕಿವಿಯಣ್ಣ” ಅಂತ ಕೈ ಹಿಡಿದಾಗ ಅವನ ಮುಖ ಅರಳುತ್ತಿತ್ತು. ಪಕ್ಕದಲ್ಲಿ ನಿಂತು, ಇದು ಪಾಪವಾದರೆ ನನ್ನ ತಲೆಗೇ ಇರಲಿ ದೇವರೇ ಅಂತ ಒಪ್ಪಿಸಿಬಿಡುತ್ತಿದ್ದೆ.

ಈಗ ನನ್ನ ಪರೀಕ್ಷೆ ಇಷ್ಟೆ. ಅವಸರಗಾರನೂ ಶೋಕಿಲಾಲನೂ ತಮ್ಮ ಹೊಟ್ಟೆಯೊಳಗೆ ಏನಿದೆ ಅಂತ ಲ್ಯಾಪ್‌ಟಾಪಿನಲ್ಲಿ ಮಾತ್ರ ತೋರಿಸುತ್ತವೆ. ಗಟ್ಟಿಗಿತ್ತಿ ಹಾಗಲ್ಲ. ಮಿಕ್ಸರಿನ ಮೇಲೆ ಯಾವ ದಾರಿಯನ್ನು ಬೆರಳಿಂದ ಮುಟ್ಟಿದರೂ ಅಲ್ಲಿರುವುದನ್ನೆಲ್ಲ ಮಿಕ್ಸರಿನ ಪರದೆಯಲ್ಲೇ ಬಿಡಿಸಿಡುತ್ತದೆ, ಎಷ್ಟು ಏರಿಸುತ್ತದೆ ಎಷ್ಟು ಇಳಿಸುತ್ತದೆ ಅನ್ನುವ ಗೆರೆ ಸಮೇತ. ಕಸುಬಿನ ಲೆಕ್ಕದಲ್ಲಿ ಆರಿಸಬೇಕಾದದ್ದು ಅದೇ. ಅದು ಮಾತ್ರ ನಮ್ಮ ಮನೆಗೆ ಬರಬಾರದಿತ್ತು.

“ಅವಸರಗಾರನೇ ಇರಲಿ ಅಣ್ಣ. ತಡ ಕಡಿಮೆ” ಅಂದೆ.

“ಬಿದ್ರೆ?”

“ಬೀಳಲ್ಲ.”

“ಹಳೇದು ತಂದಾಗ್ಲೂ ಇದೇ ಅಂದಿದ್ದೆ. ಸುಮ್ನಿರು, ಅಮ್ಮನ್ನ ಕೇಳೋಣ.”

ಅಮ್ಮನನ್ನು ಕೇಳುವುದು ಅಂದರೆ ಕ್ಯಾಸೆಟ್ ಹಾಕುವುದು. ಅಮ್ಮ ದಿನಾ ಬೆಳಿಗ್ಗೆ, ಮನೆ ಏಳುವ ಮುಂಚೆ, ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ಗಟ್ಟಿಯಾಗಿ ಪದ್ಯ ಓದುತ್ತಿದ್ದಳು. ನಾವಿಬ್ಬರೂ ಹಾಸಿಗೆಯಲ್ಲಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದೆವು. ಸಾಲಿನ ಕೊನೆ ಬಂತೆಂದು ಅವಸರಪಟ್ಟು ಉಸಿರು ಎಳೆದುಕೊಳ್ಳುವವಳಲ್ಲ. ಪದ ಪೂರ್ತಿ ತಣಿದ ಮೇಲೆ, ಕೇಳದ ಹಾಗೆ ಎಳೆದುಕೊಳ್ಳುವಳು. ಅಂಥ ಒಂದು ಬೆಳಿಗ್ಗೆಯನ್ನು ಅಣ್ಣ ಹುಡುಗನಾಗಿದ್ದಾಗ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ. ಅಮ್ಮನ ತಲೆಯ ಮೇಲೆ ಗೋಡೆಗಡಿಯಾರವಿತ್ತು, ಓದಿನ ಹಿಂದೆ ಅದರ ಟಿಕ್ ಟಿಕ್ ಸಣ್ಣದಾಗಿ ಕೇಳಿಸುತ್ತದೆ. ಯಾವ ಹೊಸ ಯಂತ್ರ ತಂದರೂ ಅವನು ಮೊದಲು ಅದರ ಮೂಲಕ ಅಮ್ಮನನ್ನು ಹಾಯಿಸಿ ನೋಡುತ್ತಿದ್ದ. “ಅಮ್ಮನ್ನ ಸರಿಯಾಗಿ ದಾಟಿಸಿದ್ರೆ ಯಾರನ್ನಾದ್ರೂ ದಾಟಿಸುತ್ತೆ” ಅನ್ನುವನು. ನಾಲ್ಕೈದು ವರ್ಷದಿಂದ ಹೊಸದೇನೂ ತಂದಿರಲಿಲ್ಲ, ಕ್ಯಾಸೆಟ್ಟೂ ಹೊರಬಂದಿರಲಿಲ್ಲ.

ಹಳೇ ಜೋಡಣೆಗಳನ್ನೆಲ್ಲ, ರಕ್ಷಣೆ ಸಮೇತ, ಮೂರು ಹೋಸ್ಟಿಗೂ ತುಂಬಿದ್ದೆ. ಮಂಗಳವಾರ ಬೆಳಿಗ್ಗೆ ಅಮ್ಮ ಅವಸರಗಾರನ ಮೂಲಕ ಓದಿದಳು. ಅಣ್ಣ ತಲೆ ಒಂದು ಬದಿಗೆ ವಾಲಿಸಿ ಕೇಳಿದ. ಎರಡು ಪದ್ಯ ಆಯಿತು.

“ಗಡಿಯಾರ ಎಲ್ಲಿ?” ಅಂದ.

ಗಡಿಯಾರ ಇತ್ತು. ರಕ್ಷಣೆ ಅದನ್ನು ಮಂದ ಮಾಡಿತ್ತು ನಿಜ, ಆದರೂ ಪ್ರತಿ ಟಿಕ್ಕೂ ನನಗೆ ಕೇಳಿಸುತ್ತಿತ್ತು.

“ಇದು ಗಡಿಯಾರ ತಿಂತಿದೆ ಕಣೇ. ಬೇಡ. ಇನ್ನೊಂದು ಹಾಕು.”

ಶೋಕಿಲಾಲನನ್ನು ಹಾಕಿದೆ. ಅವನೂ ತಿಂದ. ಗಟ್ಟಿಗಿತ್ತಿಯನ್ನು ಹಾಕಿದೆ. ಅವಳೂ ತಿಂದಳು. ಬುಧವಾರ ಕೇಬಲ್ ಬದಲಿಸಿ ಮತ್ತೆ ಮೂರನ್ನೂ ಕೇಳಿದ. ಕ್ಯಾಸೆಟ್ ಪ್ಲೇಯರಿನಲ್ಲಿ ಟೇಪು ಓದುವ ಹೆಡ್ಡನ್ನು ಒರೆಸಿದ. ಸ್ಪೀಕರ್ ಬದಲಿಸಿದ. “ಮೂರೂ ಕಳ್ಳರೇ. ಅಮ್ಮನ್ನ ಕೋಣೆಯಿಂದ ಎತ್ತಿ ಹತ್ತಿಯೊಳಗೆ ಕೂರ್ಸಿದಾರೆ” ಅಂತ ಕೈ ಕೊಡವಿದ. ಭಾನುವಾರಕ್ಕೆ ನಾಲ್ಕೇ ದಿನ ಉಳಿದಿತ್ತು, ಆರಿಸಲು ಒಂದೂ ಉಳಿದಿರಲಿಲ್ಲ.

ಆಗಲಾದರೂ ಹೇಳಬಹುದಿತ್ತು. “ನಾಳೆ ಇನ್ನೊಂದು ಸಲ ನೋಡೋಣ ಅಣ್ಣ” ಅಂದೆ.

ಅವನು ನಾಳೆಗೆ ಕಾಯಲಿಲ್ಲ. ಗಟ್ಟಿಗಿತ್ತಿ ಮಾಡಿದವರ ಸಹಾಯವಾಣಿಗೆ ಫೋನ್ ಹಚ್ಚಿ, ಅವರು ಕೇಳಿದ ಫೈಲುಗಳನ್ನೆಲ್ಲ, ಅಮ್ಮನ ಓದಿನ ರೆಕಾರ್ಡಿಂಗ್ ಸಮೇತ, ನನ್ನಿಂದಲೇ ಕಳಿಸಿದ. ಗುರುವಾರ ಬೆಳಿಗ್ಗೆ ಒಬ್ಬ ಹುಡುಗಿ ತಿರುಗಿ ಫೋನ್ ಮಾಡಿದಳು. ಅಣ್ಣ ಫೋನನ್ನು ಮಿಕ್ಸರಿನ ಮೇಲಿಟ್ಟು ಸ್ಪೀಕರಿಗೆ ಹಾಕಿದ.

“ಸರ್, ನಿಮ್ಮ ರೆಕಾರ್ಡಿಂಗ್ ಕೇಳಿದೆ. ಗಡಿಯಾರ ಇದೆ.”

“ಇಲ್ಲಮ್ಮ.”

“ಇದೆ ಸರ್. ಎಣಿಸಬಹುದು.”

“ನೋಡಮ್ಮ, ನಾನು ಈ ಕಸುಬಿಗೆ ಬಂದಾಗ ನೀನಿನ್ನೂ ಹುಟ್ಟಿರ್ಲಿಲ್ಲ.”

“ಇರಬಹುದು ಸರ್. ಆದ್ರೆ ಗಡಿಯಾರ ಇದೆ.” ಅವಳ ದನಿಯಲ್ಲಿ ಸೊಕ್ಕಿರಲಿಲ್ಲ, ಗಿರಾಕಿಯನ್ನು ನೋಯಿಸಬಾರದೆಂಬ ಎಚ್ಚರವಿತ್ತು. “ಒಂದು ವಿಷಯ ಸರ್. ಸ್ಪೀಕರಿಗೆ ಹೋಗೋ ಕಡೇ ದಾರಿಯಲ್ಲಿ ನೀವೇ ಒಂದು ಕೂರ್ಸಿದೀರಿ, ‘ಸ್ಪೀಕರ್ ರಕ್ಷಣೆ’ ಅಂತ. ಅದು ಚೂಪು ಶಬ್ದಾನ ವಿಪರೀತ ಇಳಿಸ್ತಿದೆ. ಅದನ್ನ ಆಫ್ ಮಾಡಿ ನೋಡಿ.”

ಅಣ್ಣ ಫೋನ್ ಇಟ್ಟ. ಮಿಕ್ಸರಿನ ಕಡೇ ದಾರಿಯನ್ನು ಬೆರಳಿಂದ ಮುಟ್ಟಿದ. ಗಟ್ಟಿಗಿತ್ತಿ ತನ್ನ ಗುಣ ಬಿಡಲಿಲ್ಲ. ಎಲ್ಲವನ್ನೂ ಬಿಡಿಸಿ ತೋರಿಸಿತು. ಎಡದಿಂದ ನೆಟ್ಟಗೆ ಬಂದು ಬಲಕ್ಕೆ ಇಳಿಜಾರಾಗಿ ಕುಸಿದ ಒಂದು ಗೆರೆ, ಅದರ ಮೇಲೆ ನಾನಿಟ್ಟ ಹೆಸರು.

“ಸಿಕ್ಕಿಬಿದ್ದ ನೋಡು ಕಳ್ಳ!” ಅವನು ಮೂರು ದಿನದಲ್ಲಿ ಮೊದಲ ಸಲ ನಕ್ಕ. “ಲೇ ಪುಟ್ಟಿ, ಏನೇ ಇದು? ರಕ್ಷಣೆಯಂತೆ ರಕ್ಷಣೆ! ಅಮ್ಮನ ಗಡಿಯಾರ ನುಂಗಿ ಕೂತಿದೆ ನಿನ್ನ ಸಾಕುಪ್ರಾಣಿ. ನಾನು ಸುಮ್ನೆ ಆ ಮೂವರನ್ನ ಬಯ್ದೆ.”

“ಅಣ್ಣ, ತಡಿ...”

ಅವನು ಅದನ್ನು ಆಫ್ ಮಾಡಿ ಕ್ಯಾಸೆಟ್ ಹಾಕಿದ.

ಅವನು ದಿನವೂ ಏರಿಸುವಷ್ಟು ಚೂಪನ್ನು ಮಿಕ್ಸರಿನಲ್ಲಿ ಏರಿಸಿಯೇ ಇಟ್ಟಿದ್ದ. ಅಮ್ಮನ ಧ್ವನಿ ತಗಡು ಸೀಳಿದ ಹಾಗೆ ಗೋದಾಮು ತುಂಬಿತು. ಗಡಿಯಾರದ ಒಂದೊಂದು ಟಿಕ್ಕೂ ಮೊಳೆ ಹೊಡೆದಂತೆ ಬಿತ್ತು. ನನಗೆ ಗೊತ್ತಾಗದ ಹಾಗೆ ನನ್ನ ಎರಡೂ ಕೈ ಕಿವಿಗೆ ಹೋಗಿದ್ದವು.

ಅಣ್ಣ ತಲೆ ವಾಲಿಸಿ ಕಾಯುತ್ತಿದ್ದ. ನಗು ಇನ್ನೂ ತುಟಿಯ ಮೇಲೆ ಇತ್ತು. ಒಂದು ಪದ್ಯ ಮುಗಿಯಿತು. ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಸ್ಪೀಕರಿನ ಹತ್ತಿರ ಹೋಗಿ ಬಗ್ಗಿದ. ಆಮೇಲೆ ತಿರುಗಿ ನೋಡಿದ. ಕಿವಿ ಮುಚ್ಚಿಕೊಂಡ ನನ್ನನ್ನು ನೋಡಿದ. ನಾನು ಕೈ ಇಳಿಸಿದೆ. ತಡವಾಗಿತ್ತು.

ಮಿಕ್ಸರಿನ ಪರದೆಯಲ್ಲಿ ಶಬ್ದದ ಚಿತ್ರ ಕುಣಿಯುತ್ತಿತ್ತು. ಬಲತುದಿಯಲ್ಲಿ ಒಂದು ಸಣ್ಣ ಕಡ್ಡಿ ಸೆಕೆಂಡಿಗೊಮ್ಮೆ ಎದ್ದು ಮಲಗುತ್ತಿತ್ತು. ಅಣ್ಣ ಅದರ ಮೇಲೆ ಬೆರಳಿಟ್ಟ.

“ಇದಾ?”

“ಹೂಂ.”

“ಈಗ ಹೊಡೀತಿದೆಯಾ?”

“ಹೂಂ.”

“ಈಗ?”

“ಹೂಂ ಅಣ್ಣ.”

ಅಮ್ಮ ಓದುತ್ತಲೇ ಇದ್ದಳು. ಅವನು ಬೆರಳು ತೆಗೆಯಲಿಲ್ಲ. ಕಡ್ಡಿ ಉಗುರಿನಡಿ ಏಳುವುದನ್ನು, ಮಲಗುವುದನ್ನು, ಟೇಪು ಮುಗಿಯುವವರೆಗೆ ನೋಡಿದ. ಆಮೇಲೆ ಕುರ್ಚಿಯಲ್ಲಿ ಕೂತು ತಣ್ಣಗೆ ಕೇಳಿದ, “ಯಾವಾಗಿಂದ?”

“ಒಂದೂವರೆ ವರ್ಷ.”

“ನನ್ನ ಕುರ್ಚಿ ಪಕ್ಕದ ಆ ಪುಟ್ಟ ಡಬ್ಬಿಗಳು?”

“ಅದಕ್ಕೇ.”

“ಯಾರ್ಯಾರಿಗೆ ಗೊತ್ತು?”

“ಹಾಲ್ ಮ್ಯಾನೇಜರಿಗೆ. ಅತ್ತಿಗೆಗೆ.”

“ಅಂದ್ರೆ ಊರಿಗೆಲ್ಲ. ನನ್ನೊಬ್ಬನ್ನ ಬಿಟ್ಟು.” ಅವನು ಅಂಗೈಯಿಂದ ಮುಖ ಒರೆಸಿಕೊಂಡ. “ಜನ ಬಂದು ಕೈ ಹಿಡಿತಿದ್ರಲ್ಲೇ. ಅವರು ಹಿಡೀಬೇಕಾಗಿದ್ದದ್ದು ನಿನ್ನ ಕೈ.”

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬಯ್ಯಲಿಲ್ಲ. ಎದ್ದು ಕ್ಯಾಸೆಟ್ಟನ್ನು ಡಬ್ಬಿಗೆ ಹಾಕಿ, “ಗಟ್ಟಿಗಿತ್ತೀನೇ ಕೊಂಡ್ಕೋ. ಇದ್ದದ್ದನ್ನ ಮುಖದ ಮೇಲೆ ಹೇಳೋದು ಅದೊಂದೇ” ಅಂದ.

ಶುಕ್ರವಾರ ಅತ್ತಿಗೆ ಹಟ ಮಾಡಿ ಅವನನ್ನು ಕಿವಿ ತಪಾಸಣೆಗೆ ಹೊರಡಿಸಿದರು. ನಾನೂ ಹೋದೆ. ಗಾಜಿನ ಪುಟ್ಟ ಕೋಣೆಯಲ್ಲಿ ಅವನನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗಲೆಲ್ಲ ಕೈಯಲ್ಲಿದ್ದ ಗುಂಡಿ ಒತ್ತಲು ಹೇಳಿದರು. ಗಾಜಿನಾಚೆಯಿಂದ ನಾವು ನೋಡುತ್ತಿದ್ದೆವು. ಮೊದಲು ಪಟಪಟ ಒತ್ತಿದ. ಆಮೇಲೆ ತಡೆದು ತಡೆದು ಒತ್ತಿದ. ಆಮೇಲೆ ತುಂಬಾ ಹೊತ್ತು, ಶಾಲೆಯಲ್ಲಿ ಉತ್ತರ ಬಾರದ ಮಗುವಿನ ಹಾಗೆ, ಗುಂಡಿ ಹಿಡಿದು ಸುಮ್ಮನೆ ಕೂತಿದ್ದ.

ತಪಾಸಣೆ ಮಾಡಿದಾಕೆ ಕಾಗದದ ಮೇಲೆ ಗೆರೆ ತೋರಿಸಿದರು. ನೆಟ್ಟಗೆ ನಡೆದು ಬಂದು ಮೆಟ್ಟಿಲಿಂದ ಬಿದ್ದಂತೆ ಬಿದ್ದಿತ್ತು. “ಅರವತ್ತೊಂದರ ವಯಸ್ಸಿಗೆ ಸ್ವಲ್ಪ ಇಳಿಯೋದು ಸಹಜ” ಅಂದರು. “ಇದು ಅಷ್ಟೇ ಅಲ್ಲ. ಇತ್ತೀಚೆಗೆ ಕಿವಿ ಹತ್ತಿರ ಜೋರು ಸದ್ದೇನಾದ್ರೂ?”

“ಮಿಕ್ಸರ್ ಪಕ್ಕ ಎರಡು ಪುಟ್ಟ ಸ್ಪೀಕರ್ ಇರ್ತವೆ” ಅಂದ ಅಣ್ಣ. “ತಂಗಿ ಇಟ್ಕೊಟ್ಟಿದ್ದು.”

“ಎಷ್ಟು ಜೋರು?”

“ಕೇಳಿಸೋವಷ್ಟು.”

ಆಕೆ ನನ್ನತ್ತ ತಿರುಗಿದರು. ಅಳತೆಯೆಲ್ಲ ನನಗೆ ಬಾಯಿಪಾಠ. ಮೊದಮೊದಲು ಎಂಬತ್ತೈದು ಡೆಸಿಬೆಲ್ ಇತ್ತು. ತಿಂಗಳು ತಿಂಗಳೂ ಅವನೇ ಗುಂಡಿ ತಿರುಗಿಸುತ್ತಾ ಹೋದ, ನಾನು ತಡೆಯಲಿಲ್ಲ. “ಈಗೀಗ ನೂರಾ ನಾಲ್ಕು” ಅಂದೆ. “ಎರಡು ಅಡಿ ದೂರ. ಒಂದು ಕಾರ್ಯಕ್ರಮಕ್ಕೆ ಮೂರು ಗಂಟೆ.”

ಆಕೆ ಪೆನ್ನು ಕೆಳಗಿಟ್ಟರು. “ಎಷ್ಟು ದಿನದಿಂದ?”

ಹೇಳಿದೆ.

“ಹೋದದ್ದು ಬರಲ್ಲ” ಅಂದರು ಅಣ್ಣನಿಗೆ, ಪ್ರತಿ ಪದವನ್ನೂ ಬಿಡಿಸಿ. “ಉಳಿದಿರೋದ್ರಲ್ಲಿ ಮನೆಯವರ ಮಾತು ಕೇಳುತ್ತೆ. ಅದನ್ನಾದ್ರೂ ಉಳಿಸ್ಕೊಳ್ಳಿ. ಕಿವಿಯೊಳಗೆ ಇಡೋ ಯಂತ್ರ ಬರೋಕೆ ಮೂರು ವಾರ ಬೇಕು. ಆ ಸ್ಪೀಕರುಗಳ ಮಧ್ಯೆ ಇನ್ನೊಂದು ಗಂಟೆ ಕೂಡ ಕೂರಬಾರದು.”

ಹೊರಗೆ ರಸ್ತೆಯಲ್ಲಿ ಅಣ್ಣ ಮುಂದೆ ಮುಂದೆ ನಡೆದ. ಅತ್ತಿಗೆ ನನ್ನ ಪಕ್ಕ ಬಂದರು. ಸಿಗ್ನಲ್ ಹತ್ತಿರ ನಿಂತಾಗ, “ನಾನೂ ಸುಮ್ನಿದ್ದೆ, ನನ್ನ ತಪ್ಪೂ ಇದೆ. ಆದ್ರೆ ಅವರನ್ನ ನೋಯಿಸಬಾರ್ದು ಅಂತ ಇಷ್ಟೆಲ್ಲ ನೋಯಿಸಿದ್ಯಲ್ಲೇ” ಅಂದರು.

ಶನಿವಾರ ನನಗೆ ಪ್ರಾರ್ಥನೆ ಬರಲಿಲ್ಲ. ಅಮ್ಮ ಕಲಿಸಿದ ಪದ್ಯಗಳಲ್ಲಿ ತಪ್ಪೊಪ್ಪಿಕೊಳ್ಳುವ ಸಾಲುಗಳು ಬೇಕಾದಷ್ಟಿವೆ. ಒಂದೂ ನಾಲಿಗೆಗೆ ಬರಲಿಲ್ಲ. ನನ್ನ ತಲೆಗಿರಲಿ ಅಂತ ನಾನು ಕೇಳಿಕೊಂಡ ಪಾಪ ಹೋಗಿ ಕೂತದ್ದು ಅವನ ಕಿವಿಯಲ್ಲಿ.

ಭಾನುವಾರ ಬೆಳಿಗ್ಗೆ ಅಣ್ಣ ನನಗಿಂತ ಮುಂಚೆ ಸಭಾಂಗಣದಲ್ಲಿದ್ದ. ಮೈಕನ್ನು ತಾನೇ ನಿಲ್ಲಿಸಿದ, ಟೀಚರಮ್ಮನ ಬಾಯಿಗೆ ಎಷ್ಟು ಬೆರಳು ದೂರ, ಯಾವ ಓರೆ, ಎಲ್ಲ ಅವನ ಕೈಗೆ ಗೊತ್ತಿತ್ತು. ಗಟ್ಟಿಗಿತ್ತಿಯನ್ನು ಪರೀಕ್ಷಿಸಿದ. ಬೇಕೆಂದೇ ಒಂದು ಪ್ಲಗಿನ್ನನ್ನು ಸಾಯಿಸಿ ನೋಡಿದ, ಉಳಿದವು ನಿಲ್ಲಲಿಲ್ಲ. “ಭೇಷ್” ಅಂದ. ಆಮೇಲೆ ಮಿಕ್ಸರಿನ ಮುಂದಿನ ಕುರ್ಚಿಯನ್ನು ನನ್ನತ್ತ ತಳ್ಳಿ, ತಾನು ಪಕ್ಕದ ಮಡಚುಕುರ್ಚಿಯಲ್ಲಿ ಕೂತ.

“ಅಣ್ಣ, ಕೈ ನಿಂದಿರಲಿ. ಎಲ್ಲಿ ಚೂಪಾಯ್ತು ಅಂತ ನಾನು ಹೇಳ್ತೀನಿ.”

“ಕೇಳ್ಕೊಂಡು ಮಾಡೋದು ಕಣೇ ಈ ಕೆಲ್ಸ, ಹೇಳಿಸ್ಕೊಂಡು ಮಾಡೋದಲ್ಲ. ಕೂರು.”

ಕೂತೆ. ರಕ್ಷಣೆಯನ್ನು ಅಳಿಸಿದೆ; ಇನ್ನು ಅದಕ್ಕೆ ಕೆಲಸವಿರಲಿಲ್ಲ.

ಟೀಚರಮ್ಮ ಬಂದರು. “ಏನೋ ಕಿವಿಯಣ್ಣ, ಪಕ್ಕದ ಸೀಟಿಗೆ ಬಡ್ತಿ ಆಯ್ತಾ?”

“ಹೂಂ ಟೀಚರಮ್ಮ. ಇವತ್ತಿಂದ ಬರೀ ಯಜಮಾನಿಕೆ. ದುಡಿಯೋದು ಇವಳು.”

ಅವರು ನಕ್ಕು ವೇದಿಕೆ ಹತ್ತಿ ಎರಡು ಪದ್ಯ ಓದಿ ತೋರಿಸಿದರು. ಅಮ್ಮನದೇ ಓದು. ಪದ ತಣಿಯುವವರೆಗೆ ಕಾದು, ಕೇಳದ ಹಾಗೆ ಉಸಿರೆಳೆದುಕೊಳ್ಳುವ ಅದೇ ರೀತಿ. ನನ್ನ ಕಣ್ಣು ತುಂಬಿ ಬಂತು. ಅಣ್ಣನತ್ತ ನೋಡಿದೆ. ಅವನು ತಲೆ ವಾಲಿಸಿದ್ದ, ಬಲಕ್ಕೆ, ಆಮೇಲೆ ಎಡಕ್ಕೆ. ಕಿವಿಯ ಹಿಂದೆ ಅಂಗೈ ಹಿಡಿದ. ಹಿಡಿದ ಕೈಯನ್ನು ಯಾರಾದರೂ ನೋಡಿದರೇನೋ ಅಂತ ಕೂಡಲೇ ಇಳಿಸಿ, ಕತ್ತು ತುರಿಸಿಕೊಂಡ.

“ಹೇಗಿದೆ?” ಅಂದೆ.

“ದಿಂಬಿನ ಆಚೆಯಿಂದ ಓದಿದ ಹಾಗಿದೆ. ರಾಗ ಇದೆ. ಪದ ಇಲ್ಲ.”

ಜನ ಬಂದು ತುಂಬಿದರು. ಮ್ಯಾನೇಜರು ದೂರದಿಂದ ನನ್ನ ಕುರ್ಚಿ ನೋಡಿ, ಅಣ್ಣನ ಕುರ್ಚಿ ನೋಡಿ, ಹತ್ತಿರ ಬಾರದೆ ತಿರುಗಿ ಹೋದರು. ಬಾಗಿಲು ಮುಚ್ಚಿದರು. ಟೀಚರಮ್ಮ ವೇದಿಕೆಯ ಮೇಲೆ ನೀರು ಕುಡಿದು ಪುಸ್ತಕ ತೆರೆದರು.

ಅಣ್ಣ ನನ್ನ ಕಡೆ ಬಾಗಿದ.

“ಪುಟ್ಟಿ. ಆ ಎರಡು ಡಬ್ಬಿ ತಂದಿದೀನಿ. ಮೇಜಿನ ಕೆಳಗಿದಾವೆ.”

ನಾನು ಮೇಜಿನ ಕೆಳಗೆ ಬಗ್ಗಿ ನೋಡಿದೆ.

“ಮಿಕ್ಸರ್ ಮುಟ್ಟಲ್ಲ. ಸಭೆಗೆ ನೀನು ಮಾಡಿದ್ದೇ ಹೋಗ್ಲಿ. ನನಗೆ ಮಾತ್ರ, ಇದೊಂದು ಗಂಟೆ, ಮೊದಲಿನ ಹಾಗೆ ಚೂಪು ಮಾಡಿ ಬಿಡು. ಅಮ್ಮನ ಕಾವ್ಯ ಕಣೇ. ಇದೊಂದು ಪೂರ್ತಿ ಕೇಳಿಸ್ಕೊಂಡು ಬಿಡ್ತೀನಿ. ಆಮೇಲೆ ಏನು ಹೋದ್ರೂ ಹೋಗ್ಲಿ.”

“ಅವರು ಒಂದು ಗಂಟೆ ಕೂಡ ಬೇಡ ಅಂದ್ರು ಅಣ್ಣ.”

“ಕಿವಿ ಯಾರದು? ಅವರದಾ, ನಿಂದಾ?” ಅವನ ಕೈ ನನ್ನ ತೋಳಿನ ಮೇಲೆ ಬಂತು. ಹಗುರವಾಗಿ, ಚಿಕ್ಕಂದಿನಲ್ಲಿ ನನ್ನ ಪಾಲಿನ ತಿಂಡಿಯಲ್ಲಿ ಒಂದು ಚೂರು ಕೇಳುವಾಗ ಇಡುತ್ತಿದ್ದ ಹಾಗೆ. “ಒಂದೂವರೆ ವರ್ಷ ನನ್ನನ್ನ ಕೇಳ್ದೆ ಇಟ್ಟೆ. ಈಗ ನಾನೇ ಕೇಳ್ತಿದೀನಿ. ಇಡು.”

ಟೀಚರಮ್ಮ ತಲೆಯೆತ್ತಿ ನನ್ನ ಸನ್ನೆಗೆ ಕಾಯುತ್ತಿದ್ದರು. ನಾನು ಮೈಕು ತೆರೆದೆ.

“ಇಲ್ಲ ಅಣ್ಣ,” ಅಂದೆ. “ಇಡಲ್ಲ.”